ಅಡಿಕೆ ಸಿಪ್ಪೆಯ ಹಲಗೆ: ಮೊದಲು ಬಣ್ಣ ಬಿಡಿಸಿ

ಅಡಿಕೆ ಸುಲಿಯುವ ಕಾಲಕ್ಕೆ ಮಲೆನಾಡಿನ ರಸ್ತೆ ಬದಿಯಲ್ಲಿ ಸಿಪ್ಪೆಯ ರಾಶಿ, ಅದಕ್ಕೆ ಹಚ್ಚಿದ ಬೆಂಕಿಯ ಹೊಗೆ ಎರಡೂ ಮಾಮೂಲು. ಅದೇ ಸಿಪ್ಪೆಯ ನಾರಿಗೆ ಸಾಮಿಲ್ಲಿನ ಮರದ ಪುಡಿ, ಕಲ್ಲಿದ್ದಲು ಉರಿಸಿದ ಮೇಲೆ ಉಳಿಯುವ ಹಾರುಬೂದಿ ಸೇರಿಸಿ ಹಲಗೆ ಮಾಡಬಹುದು. ಕಾರ್ಖಾನೆಯ ಪಾರ್ಟಿಕಲ್ ಬೋರ್ಡಿಗೆ ಅಂಟು ಬೇಕು, 150 ಡಿಗ್ರಿ ಆಸುಪಾಸಿನ ಬಿಸಿ ಪ್ರೆಸ್ ಬೇಕು. ನಮಗೆ ಸಿಮೆಂಟೇ ಅಂಟು.

ಒಂದಡಿ ಚೌಕದ, ಅರ್ಧ ಇಂಚು ದಪ್ಪದ ಹಲಗೆಗೆ ಬೇಕಾದ್ದು: ಒಣ ನಾರು 100 ಗ್ರಾಂ, ಮರದ ಪುಡಿ 200, ಸಿಮೆಂಟ್ 650, ಹಾರುಬೂದಿ 150, ಸಿಮೆಂಟ್ ಬೇಗ ಗಟ್ಟಿಯಾಗಲು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ 20 ಗ್ರಾಂ.

ಸಿಪ್ಪೆಯನ್ನು ಜಜ್ಜಿ, ನಾರು ಬಿಡಿಸಿ, ಒಂದಿಂಚಿಗೆ ಕತ್ತರಿಸಿ. ಇನ್ನು ಮುಖ್ಯ ಕೆಲಸ. ನಾರು, ಮರದ ಪುಡಿ ಎರಡನ್ನೂ ಅರ್ಧ ಗಂಟೆ ಕುದಿಸಿ ನೀರು ಬಸಿಯಿರಿ. ಮೊದಲ ನೀರು ಕಡಕ್ ಚಹಾದ ಬಣ್ಣಕ್ಕಿರುತ್ತದೆ. ಅದು ತಿಳಿಯಾಗುವ ತನಕ ಮತ್ತೆ ಮತ್ತೆ ಕುದಿಸಿ. ಸಿಮೆಂಟಿಗೆ ಸಕ್ಕರೆ ಬಿದ್ದರೆ ಗಟ್ಟಿಯಾಗುವುದಿಲ್ಲ ಅಂತ ಗಾರೆ ಕೆಲಸದವರಿಗೆ ಗೊತ್ತು. ಮರದಲ್ಲೂ ಸಿಪ್ಪೆಯಲ್ಲೂ ಸಕ್ಕರೆ ಇದೆ, ಜೊತೆಗೆ ಒಗರು ಬೇರೆ. ಮೊದಲ ಸಲ ನಾನು ಸುಮ್ನೆ ತಣ್ಣೀರಲ್ಲಿ ಅದ್ದಿ ತೆಗೆದಿದ್ದೆ. ಎರಡು ದಿನ ಬಿಟ್ಟು ಅಚ್ಚು ಬಿಚ್ಚಿದರೆ ಹಲಗೆ ಉಪ್ಪಿಟ್ಟಿನ ಹಾಗೆ ಉದುರಿತು!

ತೊಳೆದದ್ದನ್ನು ಒಣಗಿಸಿ. ಕ್ಯಾಲ್ಸಿಯಂ ಕ್ಲೋರೈಡನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ನಾರು, ಪುಡಿಗೆ ಹಾಕಿ. ಆಮೇಲೆ ಸಿಮೆಂಟ್, ಬೂದಿ ಉದುರಿಸುತ್ತಾ ಕಲಸಿ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಬೂದಿ ಸಿಮೆಂಟಿನ ಖರ್ಚು ಉಳಿಸುತ್ತದೆ ಅಂತ ಆಸೆಪಟ್ಟು ಜಾಸ್ತಿ ಸುರಿಯಬೇಡಿ. ಗಟ್ಟಿಯಾಗಲು ತಡವಾಗುತ್ತದೆ.

ಪ್ಲೈವುಡ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಅದರ ಮೇಲೆ ಮರದ ಚೌಕಟ್ಟಿಟ್ಟು ಮಿಶ್ರಣ ಹರಡಿ, ಕೈಯಿಂದ ಒತ್ತಿ, ಚೌಕಟ್ಟು ತೆಗೆಯಿರಿ. ಎರಡು ಬದಿಗೆ ಅರ್ಧ ಇಂಚಿನ ಪಟ್ಟಿ ಇಟ್ಟು, ಮೇಲೆ ಇನ್ನೊಂದು ಹಾಳೆ, ಇನ್ನೊಂದು ಪ್ಲೈವುಡ್. ಅದು ಪಟ್ಟಿಗೆ ತಾಗುವ ತನಕ ಸಿ-ಕ್ಲಾಂಪ್ ಬಿಗಿಯಿರಿ. ಒಂದು ದಿನ ಹಾಗೇ ಇರಲಿ. ಬಿಚ್ಚಿದ ಮೇಲೆ ಒದ್ದೆ ಗೋಣಿಚೀಲ ಸುತ್ತಿ 28 ದಿನ ನೆರಳಲ್ಲಿಡಿ.

ಈ ಹಲಗೆಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆದರೆ ತೂಕ ಜಾಸ್ತಿ, ಪುಸ್ತಕದ ಕಪಾಟಿಗೆ ಆಗುವುದಿಲ್ಲ. ಕೋಳಿಗೂಡಿನ ಗೋಡೆಗೆ, ಅಡ್ಡ ಮರೆಗೆ ಸರಿ. ಕ್ಲೋರೈಡ್ ಇರುವುದರಿಂದ ಕಬ್ಬಿಣದ ಮೊಳೆಗೆ ತುಕ್ಕು ಬೇಗ ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಕೊಯ್ಯಲು ಹಳೇ ಗರಗಸ ತೆಗೆದುಕೊಳ್ಳಿ, ಹೊಸದರ ಹಲ್ಲು ಮೊಂಡಾದರೆ ಬಡಗಿ ಬೈಯುತ್ತಾನೆ.