ಕೈಗನ್ನಡಿಯ ಬೆನ್ನು ತೆಗೆದ ಮೇಲೆ

ನಾನು ರಿಪೇರಿ ಮಾಡಲು ಕೂತ ಮೊದಲ ಕೈಗನ್ನಡಿ ನನ್ನ ಕೈಯಲ್ಲೇ ಹಾಳಾಯಿತು. ನೂರು ವರ್ಷ ಸುಮ್ಮನೆ ಬದುಕಿದ್ದ ವಸ್ತು, ಒಂದೇ ಮಧ್ಯಾಹ್ನದಲ್ಲಿ ಕೆಟ್ಟಿತು.

ಅದರ ಬೆನ್ನ ಮೇಲೆ ಉಬ್ಬು ಕೆಲಸ: ಸುತ್ತಲೂ ಬಳ್ಳಿ, ನಡುವೆ ಕೂದಲು ಹರಡಿಕೊಂಡ ಹೆಣ್ಣಿನ ಮುಖ. 1900ರ ಆಸುಪಾಸಿನ ಆರ್ಟ್ ನೂವೋ ಎಂಬ ಯುರೋಪಿನ ಅಲಂಕಾರ ಶೈಲಿ. ಎಲ್ಲಾ ಕಪ್ಪಿಟ್ಟಿತ್ತು. ಬೆಳ್ಳಿ ತಾನೇ ಎಂದು ಪಾಲಿಷ್ ಹಚ್ಚಿ ಉಜ್ಜಿದೆ. ಕಪ್ಪು ಹೋಯಿತು. ಅದರ ಹಿಂದೆಯೇ ಆ ಹೆಣ್ಣಿನ ಮೂಗಿನ ತುದಿಯ ಬೆಳ್ಳಿಯೂ ಹೋಗಿ ಹಳದಿ ಹಿತ್ತಾಳೆ ಇಣುಕಿತು. ಇದ್ದದ್ದು ಬೆಳ್ಳಿಯ ತೆಳು ಲೇಪ ಮಾತ್ರ. ಉಬ್ಬಿದ ಜಾಗವೇ ಮೊದಲು ಸವೆಯುವುದು. ಮೂಗು, ಕೆನ್ನೆ, ಎಲೆಯ ತುದಿ. ಇವತ್ತಿಗೂ ಹಳೆಯ ಕನ್ನಡಿ ಕೈಗೆ ಬಂದರೆ ನಾನು ಮೊದಲು ನೋಡುವುದು ಮೂಗನ್ನೇ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಸಂದಿಗಳಲ್ಲಿ ಕೂತ ಬಿಳಿ ಪಾಲಿಷ್ ತೆಗೆಯಲೆಂದು ಬಿಸಿನೀರಿನಲ್ಲಿ ಅದ್ದಿದೆ. ಸ್ವಲ್ಪ ಹೊತ್ತಿಗೆ ಹಿಡಿಯ ಜೋಡಣೆಯಿಂದ ಕಪ್ಪು ಅಂಟು ಒಸರತೊಡಗಿತು. ಆ ಕಾಲದ ಇಂಥ ಕನ್ನಡಿಗಳ ಬೆನ್ನನ್ನು ತೆಳುವಾದ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡುತ್ತಿದ್ದರು. ಬೆರಳಲ್ಲಿ ಒತ್ತಿದರೆ ತಗ್ಗು ಬೀಳುವಷ್ಟು ತೆಳು. ಅದಕ್ಕೆಂದೇ ಒಳಗೆ ರಾಳವನ್ನೋ ಪ್ಲಾಸ್ಟರನ್ನೋ ತುಂಬುತ್ತಿದ್ದರು. ಕೈಗೆ ಹತ್ತುವ ಆ ಗತ್ತಿನ ತೂಕ ಲೋಹದ್ದಲ್ಲ, ಹೊಟ್ಟೆಯೊಳಗಿನ ರಾಳದ್ದು. ಬಿಸಿಗೆ ಅದು ಕರಗಿತು, ಅಂಚಿನ ಬಳೆ ಸಡಿಲಾಯಿತು, ನೀರು ಗಾಜಿನ ಹಿಂದೆ ಹೋಗಿ ಲೇಪವೆಲ್ಲ ಸುಟ್ಟ ಚರ್ಮದಂತೆ ಎದ್ದು ಬಂತು.

ಗಾಜು ಅಲುಗಾಡದಿರಲೆಂದು ಹಿಂದೆ ಮಡಚಿಟ್ಟ ಕಾಗದವೊಂದಿತ್ತು. ಅಚ್ಚಾದ ಅಕ್ಷರಗಳಿದ್ದವು. ಒದ್ದೆಯಾಗಿ ಮುದ್ದೆಯಾಗಿದೆ ಎಂದು ಕಸಕ್ಕೆ ಹಾಕಿದೆ. ಇದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಸಂದಿಗೆ ತುರುಕಿದ ಪತ್ರಿಕೆಯ ತುಂಡಿನಲ್ಲಿ ಕನ್ನಡಿ ಎಲ್ಲಿಯದು, ಯಾವಾಗಿನದು ಎಂಬ ಸುಳಿವು ಸಿಕ್ಕರೂ ಸಿಕ್ಕೀತು ಎಂದು ಗೊತ್ತಾದದ್ದು ಬಹಳ ತಡವಾಗಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಕನ್ನಡಿಯ ಹುಣ್ಣು ನೋಡಲು ಮಾತ್ರ ಒಂದು ಪೆನ್ಸಿಲ್ಲು, ಒಂದು ಬಿಳಿ ಹಾಳೆ ಬೇಕು. ಪೆನ್ಸಿಲ್ಲಿನ ಮೊನೆಯನ್ನು ಗಾಜಿಗೆ ತಾಗಿಸಿ. ಮೊನೆಗೂ ಅದರ ಬಿಂಬಕ್ಕೂ ನಡುವಿನ ಅಂತರ ಗಾಜಿನ ದಪ್ಪ ಹೇಳುತ್ತದೆ. ಹಳೆಯ ಗಾಜು ಎಷ್ಟೋ ಸಲ ತೆಳು, ಮೇಲ್ಮೈಯಲ್ಲಿ ಸಣ್ಣ ಅಲೆ ಇರುತ್ತದೆ. ಆಮೇಲೆ ಹಾಳೆಯ ಬಿಂಬ ನೋಡಿ. ಬೆಳ್ಳಿಯ ಲೇಪವಾದರೆ ಬಿಳಿ ಬೆಚ್ಚಗೆ ಕಾಣುತ್ತದೆ. ಮಬ್ಬಾಗಿ, ನೀಲಿ ಬೂದಿಗೆ ತಿರುಗಿದ್ದರೆ, ಲೇಪದಲ್ಲಿ ಉಪ್ಪಿನ ಹರಳಿನಂಥ ಮಿನುಗು ಇದ್ದರೆ, ಕೈ ತೆಗೆಯಿರಿ. ಅದು ತವರ ಮತ್ತು ಪಾದರಸ.

ತವರದ ಹಾಳೆ ಹಾಸಿ, ಮೇಲೆ ಪಾದರಸ ಸುರಿದು, ಗಾಜನ್ನು ಅದರ ಮೇಲೆ ಜಾರಿಸಿ, ಭಾರ ಹೇರಿ ದಿನಗಟ್ಟಲೆ ಬಿಡುತ್ತಿದ್ದರು. ವೆನಿಸ್ ಬಳಿಯ ಮುರಾನೊ ದ್ವೀಪದವರು ಹದಿನಾರನೇ ಶತಮಾನದಲ್ಲಿ ಹೆಸರು ಮಾಡಿದ್ದು ಈ ಕೆಲಸದಲ್ಲೇ. 1684ರಲ್ಲಿ ಮುಗಿದ ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರದ 357 ಕನ್ನಡಿಗಳೂ ಇದೇ ಬಗೆಯವು. ಮಾಡಿದವರಿಗೆ ಕೈ ನಡುಕ ಬರುತ್ತಿತ್ತು, ಹಲ್ಲು ಉದುರುತ್ತಿತ್ತು. ನಾವು ಇವತ್ತಿಗೂ ಮಸುಕಾದ ಕನ್ನಡಿಗೆ ‘ಪಾದರಸ ಹೋಗಿದೆ’ ಅನ್ನುತ್ತೇವಲ್ಲ, ಪಾದರಸ ಕನ್ನಡಿ ಬಿಟ್ಟು ನೂರು ವರ್ಷ ದಾಟಿದರೂ ಮಾತು ಮಾತ್ರ ಉಳಿದುಕೊಂಡಿದೆ. ನಿಜವಾದ ಪಾದರಸದ ಕನ್ನಡಿಯಲ್ಲಿ ಅದು ಈಗಲೂ ಮೆಲ್ಲಗೆ ಹೊರಬರುತ್ತಿರುತ್ತದೆ. ಕೆಳ ಅಂಚಿನಲ್ಲಿ ಸಣ್ಣ ಮಣಿಗಳು ಕಾಣಬಹುದು. ಅಂಥದ್ದನ್ನು ನಾನು ಬಿಚ್ಚುವುದಿಲ್ಲ, ಕೆರೆಯುವುದಿಲ್ಲ, ಬಿಸಿಯ ಹತ್ತಿರಕ್ಕೂ ಒಯ್ಯುವುದಿಲ್ಲ.

ನನ್ನ ಅದೃಷ್ಟ, ನನ್ನದು ಬೆಳ್ಳಿ, ಅದೇ ಗಾಜಿಗೆ ಮತ್ತೆ ಹಚ್ಚಬಹುದು. ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ 1835ರಲ್ಲಿ ಗಾಜಿನ ಮೇಲೆ ಬೆಳ್ಳಿ ಕೂರುವುದನ್ನು ಗಮನಿಸಿದ ರಸಾಯನವೇ ಇದಕ್ಕೆ ಮೂಲ. ಸಿಲ್ವರ್ ನೈಟ್ರೇಟ್, ಅಮೋನಿಯ, ಗ್ಲೂಕೋಸ್. ನಲ್ಲಿ ನೀರು ಬಳಸಿದರೆ ಅದರ ಕ್ಲೋರೈಡಿಗೆ ದ್ರಾವಣ ಹಾಲಿನಂತೆ ಕದಡಿಬಿಡುತ್ತದೆ, ಬಟ್ಟಿ ಇಳಿಸಿದ ನೀರೇ ಆಗಬೇಕು. ಇನ್ನೊಂದು, ಇದು ತಮಾಷೆಯಲ್ಲ: ಬೆರೆಸಿದ ದ್ರಾವಣವನ್ನು ನಾಳೆಗೆಂದು ಎತ್ತಿಡಬಾರದು. ಇಟ್ಟರೆ ಅದರಲ್ಲಿ ಸಿಡಿಯುವ ವಸ್ತು ಹುಟ್ಟುತ್ತದೆ.

ಗಾಜನ್ನು ಬೋರಲು ಮಲಗಿಸಿ ದ್ರಾವಣ ಸುರಿದೆ. ಮೊದಲು ಕಂದು, ಆಮೇಲೆ ಕೊಳಚೆಯಂಥ ಕಪ್ಪು. ಕೆಟ್ಟೇ ಹೋಯಿತು ಅಂದುಕೊಂಡು ಎತ್ತಿ ಕೆಳಗಿಂದ ನೋಡಿದರೆ ನನ್ನದೇ ಕಣ್ಣು ನನ್ನನ್ನು ನೋಡುತ್ತಿದೆ! ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪದ ಬೆಳ್ಳಿ. ಆ ಸಂತೋಷ ಒಂದು ನಿಮಿಷ ಇತ್ತು. ಎಡ ಅಂಚಿನಲ್ಲಿ ಬೂದು ಕಲೆ, ಅದರಲ್ಲಿ ಸುರುಳಿ ಸುರುಳಿ ಗೆರೆ. ತೊಳೆದ ಮೇಲೆ ಎಲ್ಲೋ ಬರಿಗೈಯಲ್ಲಿ ಹಿಡಿದಿದ್ದೆ. ನನ್ನ ಹೆಬ್ಬೆಟ್ಟಿನ ಎಣ್ಣೆ ಕೂತಲ್ಲಿ ಬೆಳ್ಳಿ ಹಿಡಿದಿರಲಿಲ್ಲ.

ಗಾಜಿಲ್ಲದ ಕಾಲದವರು ಏನು ಕಾಣುತ್ತಿದ್ದರು ಎಂಬ ಹುಳ ತಲೆ ಹೊಕ್ಕಿದ್ದು ಆಗ. ಟರ್ಕಿಯ ಚಾತಾಲ್‌ಹೊಯುಕ್‌ನಲ್ಲಿ ಸಿಕ್ಕ, ಸುಮಾರು 8000 ವರ್ಷ ಹಿಂದಿನ ಕನ್ನಡಿಗಳು ಉಜ್ಜಿದ ಜ್ವಾಲಾಮುಖಿ ಗಾಜುಕಲ್ಲಿನವು. ಈಜಿಪ್ಟಿನವರದು ತಾಮ್ರ, ಕಂಚು; ಹಿಡಿ ಪಪೈರಸ್ ಕಾಂಡದಂತೆ. ಇಟಲಿಯ ಪ್ರಾಚೀನ ಜನರಾದ ಇಟ್ರಸ್ಕನ್ನರು ಕಂಚಿನ ಬೆನ್ನ ಮೇಲೆ ಪುರಾಣದ ದೃಶ್ಯ ಕೊರೆದು ಪಾತ್ರಗಳ ಹೆಸರನ್ನೂ ಬರೆಯುತ್ತಿದ್ದರು. ಬೇಲೂರಿನ ದರ್ಪಣಸುಂದರಿ ಕೈಯಲ್ಲಿ ಹಿಡಿದದ್ದೂ ಲೋಹದ ಕನ್ನಡಿಯೇ ಇರಬೇಕು.

ಅಂಗೈಯಗಲದ ಕಂಚಿನ ಬಿಲ್ಲೆಯೊಂದನ್ನು ತೆಗೆದುಕೊಂಡು ಉಜ್ಜಲು ಕೂತೆ. 220ರ ಒರಟು ಉಪ್ಪುಕಾಗದದಿಂದ 2000ದ ನುಣುಪಿನದರವರೆಗೆ, ಪ್ರತಿ ಸಲವೂ ಹಿಂದಿನ ಗೀರಿಗೆ ಅಡ್ಡವಾಗಿ. ಆರು ಸಂಜೆ ಹಿಡಿಯಿತು. ಮುಖ ಕಂಡಿತು, ಆದರೆ ಸಂಜೆ ಬಿಸಿಲಲ್ಲಿ ನಿಂತಂತೆ ಹಳದಿ. ಬಿಳಿ ಬಿಂಬ ಬೇಕಾದರೆ ತವರ ಹೆಚ್ಚಬೇಕು. ಕೇರಳದ ಆರನ್ಮುಳ ಕನ್ನಡಿಯಲ್ಲಿ ಅದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಅಷ್ಟಾದರೆ ಲೋಹ ಗಾಜಿನಷ್ಟೇ ಸುಲಭವಾಗಿ ಒಡೆಯುತ್ತದೆ. ಇನ್ನೊಂದು ತೊಂದರೆ, ನನ್ನ ಬಿಲ್ಲೆಯಲ್ಲಿ ಹಣೆ ಕಂಡರೆ ಗಲ್ಲವಿಲ್ಲ. ಚಪ್ಪಟೆ ಕನ್ನಡಿಯಲ್ಲಿ ಇಡೀ ಮುಖ ಕಾಣಲು ಅದು ಮುಖದ ಅರ್ಧದಷ್ಟಾದರೂ ಉದ್ದ ಇರಲೇಬೇಕು, ದೂರ ಹಿಡಿದರೂ ಅಷ್ಟೇ. ಚೀನಾದ ವಿದ್ವಾಂಸ ಶೆನ್ ಕುವೊ ಹನ್ನೊಂದನೇ ಶತಮಾನದಲ್ಲೇ ಇದನ್ನು ಬರೆದಿದ್ದಾನೆ: ಹಿಂದಿನವರು ಸಣ್ಣ ಕನ್ನಡಿಗಳನ್ನು ತುಸು ಉಬ್ಬಿಸುತ್ತಿದ್ದದ್ದು ಮುಖವೆಲ್ಲ ಹಿಡಿಸಲೆಂದು. ನನ್ನ ಬಿಲ್ಲೆ ನಾಲ್ಕು ದಿನಕ್ಕೆ ಮಂಕಾಯಿತು. ಗ್ರೀಕರ ಕಂಚಿನ ಕನ್ನಡಿಗಳಿಗೆ ಡಬ್ಬಿಯಂಥ ಮುಚ್ಚಳ ಯಾಕಿತ್ತು ಅಂತ ಕೇಳುವುದನ್ನು ಆವತ್ತೇ ಬಿಟ್ಟೆ.

ಹಳೆಯ ಚೌಕಟ್ಟಿಗೆ ಅದೇ ಗಾಜನ್ನು ಕೂರಿಸಿದೆ, ಹೆಬ್ಬೆಟ್ಟಿನ ಗುರುತಿನ ಸಮೇತ. ಮೂಗಿಗೆ ಮತ್ತೆ ಬೆಳ್ಳಿ ಹಚ್ಚಲಿಲ್ಲ. ಗಾಜು ಅಲುಗಾಡುತ್ತಿತ್ತು. ಒಂದು ಹಾಳೆಯಲ್ಲಿ ತಾರೀಕು ಹಾಕಿ, ಬಿಸಿನೀರಿನ ಕಥೆ, ಲೇಪ ಹೊಸದು ಗಾಜು ಹಳೆಯದು ಎಂಬುದು, ಮೊದಲಿದ್ದ ಕಾಗದ ನಾನು ಎಸೆದದ್ದು, ಎಲ್ಲಾ ಸೀಸದ ಕಡ್ಡಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ ಹಿಂದೆ ತುರುಕಿದೆ. ಈಗ ಅಲುಗಾಡುವುದಿಲ್ಲ.