ಅಂಬಾಸಿಡರ್‌ನ ಸೆಲ್ಫ್ ಮೋಟರ್ ಬಿಚ್ಚುವಾಗ: ಕಣ್ಣಿಗೆ ಕಾಣದ ಆ ಮೇಲಿನ ಬೋಲ್ಟು

ನಮ್ಮದು 1972ರ ಅಂಬಾಸಿಡರ್ ಮಾರ್ಕ್ 2. 1489 ಸಿಸಿ ಪೆಟ್ರೋಲ್ ಎಂಜಿನ್. ಅಪ್ಪಯ್ಯ ಓಡಿಸುತ್ತಿದ್ದ ಗಾಡಿ, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ತೀರ್ಥಹಳ್ಳಿಯಲ್ಲಿ ಮಳೆ ಜೋರಾಗಿದ್ದ ಜುಲೈನಲ್ಲಿ ಇದರ ಸೆಲ್ಫ್, ಅಂದರೆ ಎಂಜಿನ್ ಸ್ಟಾರ್ಟ್ ಮಾಡುವ ಮೋಟರ್, ನಿಂತಿತು. ಗುಂಡಿ ಒತ್ತಿದರೆ 'ಟಕ್', ಅಷ್ಟೇ. ಎರಡು ದಿನ ಗಾಡಿಯ ಅಡಿ ಮಲಗಿ, ಬಿಚ್ಚಿ, ಸರಿಮಾಡಿ, ಮತ್ತೆ ಕೂರಿಸಿದೆ. ಈ ಗಾಡಿ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಮಾತು: ಸೆಲ್ಫೇ ಹೋಗಿದೆ ಅಂತ ಖಾತ್ರಿ ಆಗುವವರೆಗೆ ಪಾನಾ ಮುಟ್ಟಬೇಡಿ. ಈ ಕೆಲಸ ಸುಮ್ನೆ ಮಾಡುವಂಥದ್ದಲ್ಲ.

ಮಲ್ಟಿಮೀಟರ್ ತೆಗೆದುಕೊಳ್ಳಿ. ಗಾಡಿ ನಿಂತಿದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಇರಬೇಕು. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ ಮತ್ತೆ ನೋಡಿ. 10ಕ್ಕಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿಯನ್ನೇ ಅನುಮಾನಿಸಿ. ಬ್ಯಾಟರಿ ಚೆನ್ನಾಗಿದ್ದರೆ, ಮೀಟರಿನ ಒಂದು ತುದಿ ಬ್ಯಾಟರಿಯ ಅರ್ಥ್ (ಗಾಡಿಯ ಮೈಗೆ ಸೇರುವ) ಕಡೆಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಪಟ್ಟಿಯ ಬುಡದಲ್ಲಿ ತುಕ್ಕು ಹಿಡಿದಿದೆ ಅಂತಲೇ ಲೆಕ್ಕ. ಮಲೆನಾಡಿನ ಗಾಡಿಗಳಲ್ಲಿ ಇದು ತುಂಬಾ ಸಾಮಾನ್ಯ. ಉಜ್ಜಿ ಬಿಗಿಮಾಡಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತೆ.

ಇನ್ನೊಂದು ಸಾಧ್ಯತೆ, ಬೆಂಡಿಕ್ಸ್ (ಮೋಟರಿನ ಶಾಫ್ಟ್ ಮೇಲೆ ಜಾರುವ ಸಣ್ಣ ಗೇರಿನ ಜೋಡಣೆ) ಸಿಕ್ಕಿಹಾಕಿಕೊಂಡಿರುವುದು. ಈ ಹಳೇ ಸೆಲ್ಫಿನಲ್ಲಿ ಮೋಟರ್ ತಿರುಗಿದ ರಭಸಕ್ಕೇ ಸಣ್ಣ ಗೇರು ಶಾಫ್ಟಿನ ಥ್ರೆಡ್ ಮೇಲೆ ಜಾರಿ, ಎಂಜಿನ್ನಿನ ಹಿಂದಿರುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಹಲ್ಲಿನ ರಿಂಗಿಗೆ ಕಚ್ಚಿಕೊಳ್ಳುತ್ತೆ. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಫ್ಲೈವೀಲಿನ ರಭಸ ಗೇರನ್ನು ಹಿಂದಕ್ಕೆ ಎಸೆಯುತ್ತೆ. ಕೆಲವೊಮ್ಮೆ ಕಚ್ಚಿಕೊಂಡಲ್ಲೇ ಉಳಿಯುತ್ತೆ. ಆಗ ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಗಾಡಿಯನ್ನು ಹಿಂದೆ ಮುಂದೆ ತಳ್ಳಿ. ಇಲ್ಲವೇ ಮೋಟರಿನ ಮುಂದಿನ ತುದಿಯ ಪುಟ್ಟ ಮುಚ್ಚಳ ತೆಗೆದರೆ ಚೌಕಾಕಾರದ ಶಾಫ್ಟ್ ತುದಿ ಇರುತ್ತೆ, ಅದನ್ನು ಪಾನಾದಿಂದ ತಿರುಗಿಸಿ. ನನ್ನ ಗಾಡಿಯಲ್ಲಿ ಇದ್ಯಾವುದಕ್ಕೂ ಬಗ್ಗಲಿಲ್ಲ.

ಸರಿ, ಬಿಚ್ಚೋಣ.

ಬ್ಯಾಟರಿಯ ಅರ್ಥ್ ವೈರ್ ಮೊದಲು ತೆಗೆಯಿರಿ. ಹಳೇ ಗಾಡಿಗಳಲ್ಲಿ ಪಾಸಿಟಿವ್ ಕಡೆಯನ್ನು ಗಾಡಿಯ ಮೈಗೆ ಕೊಟ್ಟಿರುವುದೂ ಉಂಟು. ಬಣ್ಣ ನಂಬಬೇಡಿ, ಗಾಡಿಯ ಮೈಗೆ ಹೋಗುವ ವೈರ್ ಯಾವುದೋ ಅದನ್ನೇ ಬಿಚ್ಚಿ. ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ತಡೆ ಇಡಿ. ಬರೀ ಜಾಕಿ ನಂಬಿ ಅಡಿಗೆ ಹೋಗಬೇಡಿ. ಅಂಗಳದಲ್ಲಿ ಸಿಗುತ್ತೆ ಅಂತ ಜಂಬಿಟ್ಟಿಗೆ ಕಲ್ಲು ಕೊಡುವವರನ್ನು ನೋಡಿದ್ದೇನೆ. ಆ ಕಲ್ಲು ನೆನೆದಿದ್ದರೆ ಪುಡಿಯಾಗುತ್ತೆ. ದಯವಿಟ್ಟು ಬೇಡ.

ಇಂಚಿನ ಪಾನಾಗಳೇ ಬೇಕು. ನನ್ನ ಗಾಡಿಯ ಸೆಲ್ಫ್ ಬೋಲ್ಟಿಗೆ 9/16 ಕೂತಿತು. 14 ಎಂಎಂ ಹೋಗುವುದಿಲ್ಲ, 15 ಸಡಿಲ. ಆ ಇಕ್ಕಟ್ಟಿನಲ್ಲಿ ಬೋಲ್ಟಿನ ತಲೆ ಉರುಟಾದರೆ ಮುಂದಿನ ಒಂದು ವಾರ ಅದರ ಜೊತೆಗೇ ಕಳೆಯಬೇಕು.

ಮೋಟರ್ ಇರುವುದು ಎಂಜಿನ್ನಿನ ಬಲಗಡೆ, ಡೆಲ್ಕೋ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಅಡಿಯಲ್ಲಿ, ಆಯಿಲ್ ಫಿಲ್ಟರಿನ ಹಿಂದೆ. ಹಿಡಿದಿರುವುದು ಎರಡೇ ಬೋಲ್ಟು. ಕೆಳಗಿನದು ಅಡಿಯಿಂದ ಸಲೀಸಾಗಿ ಸಿಗುತ್ತೆ. ಮೇಲಿನದು ಎಲ್ಲಿ ನಿಂತರೂ ಕಾಣುವುದಿಲ್ಲ. ನಾನು ಮೊದಲ ದಿನ ಮಧ್ಯಾಹ್ನವೆಲ್ಲ ಡೆಲ್ಕೋ ಬಿಚ್ಚದೆ ಪ್ರಯತ್ನಪಟ್ಟೆ. ಪಾನಾಕ್ಕೆ ತಿರುಗಲು ಜಾಗವೇ ಸಾಲಲಿಲ್ಲ. ಡೆಲ್ಕೋ ತೆಗೆದರೆ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಹೋಗುತ್ತೆ ಅನ್ನೋ ಭಯ ಅಲ್ವಾ? ಅದು ಬೇಡ. ಬುಡದ ಪ್ಲೇಟನ್ನು ಬ್ಲಾಕಿಗೆ ಹಿಡಿದಿರುವ ಎರಡು ಸ್ಕ್ರೂ ಮಾತ್ರ ಬಿಚ್ಚಿ. ಡೆಲ್ಕೋವನ್ನು ಪ್ಲೇಟಿಗೆ ಹಿಡಿದಿರುವ ಕ್ಲ್ಯಾಂಪ್ ಬೋಲ್ಟನ್ನು ಮುಟ್ಟಬೇಡಿ. ಡೆಲ್ಕೋ ಶಾಫ್ಟಿನ ಬುಡದ ಕಚ್ಚು ನಟ್ಟನಡುವೆ ಇಲ್ಲ, ಸ್ವಲ್ಪ ಪಕ್ಕಕ್ಕಿದೆ. ಹಾಗಾಗಿ ವಾಪಸ್ ಒಂದೇ ರೀತಿಯಲ್ಲಿ ಕೂರುತ್ತೆ.

ಡೆಲ್ಕೋ ಹೊರಬಂದ ಮೇಲೆ ಬಲಗೈ ಮೇಲಿಂದ ಇಳಿಸಿ. ಬೆರಳಿಂದ ಮೋಟರಿನ ಮೈ ಹಿಡಿದು ಹಿಂದಕ್ಕೆ ಹೋಗಿ, ಮೋಟರನ್ನು ಬೋಲ್ಟಿನಿಂದ ಕೂರಿಸುವ ಚಾಚುಪಟ್ಟಿ (ಫ್ಲ್ಯಾಂಜ್) ಸಿಗುತ್ತೆ, ಅದರ ಮೇಲಂಚಿನಲ್ಲಿ ಬೋಲ್ಟಿನ ತಲೆ. ಕಣ್ಣು ಮುಚ್ಚಿಕೊಂಡರೆ ಇನ್ನೂ ಚೆನ್ನಾಗಿ ತಿಳಿಯುತ್ತೆ, ನಿಜವಾಗಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ರಿಂಗ್ ಪಾನಾ ಕೂರಿಸಿ ಒಂದೇ ಎಳೆತ ಕೊಟ್ಟೆ, ಬಿಟ್ಟುಕೊಂಡಿತು. ಆಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಸ್ಪ್ರಿಂಗ್ ವಾಷರ್ ಬೀಳದಂತೆ ಕೊನೆಯ ಸುತ್ತುಗಳನ್ನು ಬೆರಳಲ್ಲೇ ಬಿಚ್ಚಿ.

ಅಡಿಗೆ ಹೋಗಿ ದಪ್ಪ ಕೇಬಲ್ ಬಿಚ್ಚಿ. ಇಲ್ಲೊಂದು ಎಚ್ಚರ. ಆ ಸ್ಟಡ್‌ಗೆ ಎರಡು ನಟ್ ಇರುತ್ತೆ. ಒಳಗಿನದನ್ನು ಒಂದು ಪಾನಾದಿಂದ ಹಿಡಿದುಕೊಂಡೇ ಹೊರಗಿನದನ್ನು ತಿರುಗಿಸಿ. ಇಲ್ಲದಿದ್ದರೆ ಸ್ಟಡ್ಡೇ ಸುತ್ತಿ ಒಳಗಿನ ಕಾಯಿಲ್ ಜೋಡಣೆ ಮುರಿಯುತ್ತೆ. ಹಿಂದೊಮ್ಮೆ ಒಂದು ಅಂಗಡಿಯಲ್ಲಿ ನಮ್ಮ ಸೆಲ್ಫಿಗೆ ಹೀಗೇ ಆಗಿತ್ತು, ಚೆನ್ನಾಗಿದ್ದ ಕಾಯಿಲಿಗೆ ಮತ್ತೆ ಬೆಸುಗೆ ಹಾಕಿಸಬೇಕಾಯಿತು.

ಈಗ ಕೆಳಗಿನ ಬೋಲ್ಟು. ಮೋಟರ್ ಭಾರ ಇದೆ, ಮುಖದ ನೇರಕ್ಕೆ ಮಲಗಬೇಡಿ. ಮೊದಲು ಮುಂದಕ್ಕೆ, ಆಯಿಲ್ ಫಿಲ್ಟರಿನ ಅಡಿಗೆ ಜಾರಿಸಿ. ಬೆಂಡಿಕ್ಸ್ ತೂತಿನಿಂದ ಪೂರ್ತಿ ಹೊರಬಂದ ಮೇಲೆ ಸ್ವಲ್ಪ ಹಿಂದಕ್ಕೆ ತಂದು ಮೇಲಕ್ಕೆತ್ತಿ. ಡೆಲ್ಕೋ ಇದ್ದ ಜಾಗದಿಂದ ಹೊರಬರುತ್ತೆ. ತಮ್ಮನ ಮಗ ಮೇಲಿಂದ ಹಿಡಿದುಕೊಂಡ. ಒಬ್ಬರೇ ಮಾಡುವುದು ಕಷ್ಟ.

ಮೋಟರ್ ಹೊರಗಿರುವಾಗಲೇ ಆ ತೂತಿಗೆ ಟಾರ್ಚ್ ಬಿಟ್ಟು ಫ್ಲೈವೀಲ್ ರಿಂಗ್ ನೋಡಿ. ಪ್ಲಗ್ ತೆಗೆದು, ಕೈಯಿಂದ ಸ್ಟಾರ್ಟ್ ಮಾಡುವ ಹ್ಯಾಂಡಲ್‌ನಿಂದ ಎಂಜಿನ್ನನ್ನು ನಿಧಾನ ತಿರುಗಿಸಿ, ಒಂದು ಸುತ್ತು ಪೂರ್ತಿ. ನಾಲ್ಕು ಸಿಲಿಂಡರ್ ಎಂಜಿನ್ ಹೆಚ್ಚಾಗಿ ಎರಡೇ ಜಾಗದಲ್ಲಿ ನಿಲ್ಲುವುದರಿಂದ ಹಲ್ಲು ಸವೆಯುವುದೂ ಎದುರುಬದುರಿನ ಆ ಎರಡು ಕಡೆಯೇ. ನಮ್ಮದರಲ್ಲಿ ಸ್ವಲ್ಪ ಸವೆತವಿತ್ತು, ಮುರಿದಿರಲಿಲ್ಲ.

ಹೊಸ ಮೋಟರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ನನ್ನ ಅಭಿಪ್ರಾಯ, ಹಳೆಯದನ್ನು ಒಮ್ಮೆ ಬಿಚ್ಚಿ ನೋಡದೆ ಬಿಸಾಡಬೇಡಿ. ನಮ್ಮದರಲ್ಲಿ ಕಾರ್ಬನ್ ಬ್ರಷ್ ಸವೆದು ಹೋಗಿತ್ತು. 8 ಎಂಎಂಗಿಂತ ಚಿಕ್ಕದಾಗಿದ್ದರೆ ಬದಲಿಸಬೇಕು. ಬ್ರಷ್ ಉಜ್ಜುವ ತಾಮ್ರದ ಉರುಳೆಯನ್ನು, ಅಂದರೆ ಕಮ್ಯುಟೇಟರನ್ನು, ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಬೇಕಾದರೆ ನಯವಾದ ಗ್ಲಾಸ್ ಪೇಪರ್ ಹಿಡಿಯಿರಿ, ಎಮರಿ ಬೇಡ. ಡೈನಮೋಗೆ ಮಾಡುವ ಹಾಗೆ ತಾಮ್ರದ ಪಟ್ಟಿಗಳ ನಡುವಿನ ಮೈಕಾ ಕೆರೆಯಬಾರದು, ಈ ಸೆಲ್ಫಿಗೆ ಅದು ಸಲ್ಲದು. ಹೊಸ ಬುಶ್ (ಶಾಫ್ಟ್ ತಿರುಗುವ ಲೋಹದ ಬಳೆ) ಹಾಕುವುದಾದರೆ ಒಂದು ದಿನ ಪೂರ್ತಿ ಎಂಜಿನ್ ಆಯಿಲಿನಲ್ಲಿ ನೆನೆಸಿಡಿ. ಬೆಂಡಿಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಗ್ರೀಸ್ ಹಚ್ಚಬೇಡಿ. ಕ್ಲಚ್ ಧೂಳು ಅದಕ್ಕೆ ಮೆತ್ತಿಕೊಂಡು ಗೇರು ಜಾರುವುದೇ ನಿಲ್ಲುತ್ತೆ. ನಮ್ಮದು ಸಿಕ್ಕಿಹಾಕಿಕೊಂಡಿದ್ದೂ ಯಾರೋ ಪ್ರೀತಿಯಿಂದ ಹಚ್ಚಿದ್ದ ಗ್ರೀಸಿನಿಂದಲೇ.

ಹಳೆಯದೋ ಹೊಸದೋ, ಗಾಡಿಗೆ ಏರಿಸುವ ಮೊದಲು ನೆಲದ ಮೇಲೇ ಪರೀಕ್ಷೆ ಮಾಡಿ. ವೈಸ್‌ಗೆ ಬಿಗಿಯಾಗಿ ಕಚ್ಚಿಸಿ, ದಪ್ಪ ಕೇಬಲ್‌ನಿಂದ ಎರಡೇ ಸೆಕೆಂಡು ಕರೆಂಟ್ ಕೊಡಿ. ಕೈಯಲ್ಲಿ ಹಿಡಿದರೆ ಒದೆಯುತ್ತೆ. ಗೇರು ಚಿಮ್ಮಿ ಮುಂದೆ ಬರಬೇಕು. ಈ ಎರಡು ಸೆಕೆಂಡು ಉಳಿಸಲು ಹೋದರೆ ಆ ಮೇಲಿನ ಬೋಲ್ಟನ್ನು ಎರಡನೇ ಸಲ ಬಿಚ್ಚಬೇಕಾದೀತು.

ಕೂರಿಸುವಾಗ ಚಾಚುಪಟ್ಟಿಯ ಎರಡೂ ಮುಖ ಲೋಹ ಕಾಣುವಂತೆ ಉಜ್ಜಿ, ಮೋಟರಿಗೆ ಅರ್ಥ್ ಸಿಗುವುದು ಅಲ್ಲಿಂದಲೇ. ಮೇಲಿನ ಬೋಲ್ಟಿಗೆ ವಾಷರನ್ನು ಚೂರು ಗ್ರೀಸಿನಿಂದ ಅಂಟಿಸಿದರೆ ಬೀಳುವುದಿಲ್ಲ. ಎರಡೂ ಬೋಲ್ಟು ಬೆರಳಲ್ಲಿ ಹಿಡಿದುಕೊಂಡ ಮೇಲೆಯೇ ಪಾನಾ ಹಾಕಿ. ಕೇಬಲ್, ಡೆಲ್ಕೋ, ಪ್ಲಗ್, ಕಡೆಗೆ ಬ್ಯಾಟರಿ.

ನಾನು ಗುಂಡಿ ಒತ್ತಿದಾಗ ಸಂಜೆ ಆರೂವರೆ, ಮಳೆ ಸುರಿಯುತ್ತಲೇ ಇತ್ತು. ಎರಡನೇ ಸಲಕ್ಕೆ ಎಂಜಿನ್ ಹಿಡಿಯಿತು. ಅಪ್ಪಯ್ಯನ ಹ್ಯಾಂಡಲನ್ನು ಒರೆಸಿ ಡಿಕ್ಕಿಯಲ್ಲಿ ಅದರ ಜಾಗದಲ್ಲೇ ಇಟ್ಟೆ. ವಾರ ಬಿಟ್ಟು ಎರಡೂ ಬೋಲ್ಟನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ, ಕೆಳಗಿನದು ಕಾಲು ಸುತ್ತು ಬಿಗಿಯಾಯಿತು.