ನಿಮ್ಮ ನೋಟ್ಸನ್ನ ಫೋನ್ ಓದುತ್ತಾ? ಕಣ್ಣು ಕಾಣದ ಮಗು ಕ್ಲಾಸಿನಲ್ಲಿದ್ದರೆ ಮೊದಲು ಇದನ್ನ ನೋಡಿ

ನಮ್ಮ ಶಾಲೆಯ ಎಂಟನೇ ಕ್ಲಾಸಿಗೆ ಒಬ್ಬಳು ಹುಡುಗಿ ಸೇರಿದಳು. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಸ್ಮಾರ್ಟ್‌ಫೋನನ್ನ ಮಾತ್ರ ಸರಾಗವಾಗಿ ಬಳಸುತ್ತಾಳೆ, ಅದರಲ್ಲೇ ಓದುತ್ತಾಳೆ. ನಾನು ಸಮಾಜ ವಿಜ್ಞಾನದ ನೋಟ್ಸನ್ನ ಕೂತು ಅಚ್ಚುಕಟ್ಟಾಗಿ ಟೈಪ್ ಮಾಡಿ ಅವರಪ್ಪನ ವಾಟ್ಸಾಪಿಗೆ ಕಳಿಸಿದೆ. ಮಾರನೇ ದಿನ ಅವಳು ಇಯರ್‌ಫೋನಿನ ಒಂದು ತುದಿಯನ್ನ ನನ್ನ ಕೈಗೆ ಕೊಟ್ಟು, "ಮಿಸ್, ಇದು ಏನೇನೋ ಓದ್ತಿದೆ, ನೀವೇ ಕೇಳಿ" ಅಂದಳು.

ಕೇಳಿದೆ. 'ಕನ್ನಡ' ಅನ್ನೋ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಆಮೇಲೆ ತಲೆ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಗುರುತು, ಮತ್ತೆ ಎ. ಆರು ಪುಟವೂ ಹಾಗೇ. ಪರದೆ ಮೇಲೆ ನನ್ನ ಕಣ್ಣಿಗೆ ಚೆಂದದ ಕನ್ನಡ ಕಾಣುತ್ತಿತ್ತು, ಅವಳ ಕಿವಿಗೆ ಒಂದಕ್ಷರ ಕನ್ನಡವೂ ಬೀಳುತ್ತಿರಲಿಲ್ಲ. ಅವಳು ಅದನ್ನ ಹಿಂದಿನ ರಾತ್ರಿ ಪೂರ್ತಿ ಕೇಳಿದ್ದಳಂತೆ, ಎಲ್ಲಾದರೂ ಒಂದು ಕಡೆ ಸರಿಯಾಗಬಹುದು ಅಂತ.

ತಪ್ಪು ಅವಳ ಫೋನಿನದ್ದಲ್ಲ, ನನ್ನ ಫೈಲಿನದ್ದು. ಇದೇ ತಪ್ಪು ಎಷ್ಟೋ ಶಾಲೆಗಳಲ್ಲಿ ದಿನಾ ಆಗುತ್ತಿರುತ್ತೆ. ದುಬಾರಿ ಯಂತ್ರ ತರಿಸೋದಕ್ಕಿಂತ ಮುಂಚೆ ಇದೊಂದನ್ನ ಸರಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನೀವೇ ಕೇಳಿ

ಕಣ್ಣು ಕಾಣದವರು ಫೋನ್ ಬಳಸೋದು ಸ್ಕ್ರೀನ್ ರೀಡರ್ ಮೂಲಕ. ಅದು ಪರದೆ ಮೇಲಿರುವುದನ್ನ ಗಟ್ಟಿಯಾಗಿ ಓದಿ ಹೇಳುತ್ತೆ. ಆಂಡ್ರಾಯ್ಡ್ ಫೋನಿನಲ್ಲಿ ಅದರ ಹೆಸರು ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಮೊದಲೇ ಇರುತ್ತೆ, ದುಡ್ಡು ಕೊಡಬೇಕಾಗಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಆಕ್ಸೆಸಿಬಿಲಿಟಿ ಒತ್ತಿ, ಅಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ.

ಆನ್ ಮಾಡೋದಕ್ಕಿಂತ ಮುಂಚೆ ಒಂದು ಮಾತು. ಟಾಕ್‌ಬ್ಯಾಕ್ ಆನ್ ಆದ ಮೇಲೆ ಫೋನ್ ನಡೆದುಕೊಳ್ಳೋ ರೀತಿಯೇ ಬದಲಾಗುತ್ತೆ. ಒಂದು ಸಲ ಮುಟ್ಟಿದರೆ ಬರೀ ಹೆಸರು ಹೇಳುತ್ತೆ, ತೆರೆಯಬೇಕಂದರೆ ಎರಡು ಸಲ ತಟ್ಟಬೇಕು, ಪುಟ ಸರಿಸಬೇಕಂದರೆ ಎರಡು ಬೆರಳು ಬೇಕು. ಇದು ಗೊತ್ತಿಲ್ಲದೆ ಆನ್ ಮಾಡಿ, ಆಫ್ ಮಾಡೋಕೆ ಬರದೆ ಗಾಬರಿಯಾದವರು ಜಾಸ್ತಿ. ಹಾಗಾಗಿ ಅದೇ ಜಾಗದಲ್ಲಿ ಇರುವ ಶಾರ್ಟ್‌ಕಟ್ ಅನ್ನೂ ಆನ್ ಮಾಡಿಕೊಳ್ಳಿ. ಆಗ ಎರಡೂ ವಾಲ್ಯೂಮ್ ಬಟನ್ನುಗಳನ್ನ ಒಟ್ಟಿಗೆ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಸಾಕು, ಆನ್ ಇದ್ದದ್ದು ಆಫ್ ಆಗುತ್ತೆ.

ಕನ್ನಡ ಓದಬೇಕಂದರೆ ಕನ್ನಡದ ಧ್ವನಿಯೂ ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್ ಟು ಸ್ಪೀಚ್ ಅಂತ ಹುಡುಕಿ, ಗೂಗಲ್‌ನ ಧ್ವನಿಗಳಲ್ಲಿ ಕನ್ನಡವನ್ನ ಡೌನ್‌ಲೋಡ್ ಮಾಡಿ. ಇನ್ನು ಶಾಲೆಯ ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಹಾಕಿಸಿ. ಅದೂ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೇ ಜೊತೆಯಾದರು, ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ತಮಗೆ ಬೇಕಾದದ್ದನ್ನ ತಾವೇ ಕಟ್ಟಿಕೊಂಡು ಎಲ್ಲರಿಗೂ ಹಂಚಿದರು. ಅದರೊಳಗಿನ ಇ-ಸ್ಪೀಕ್ ಅನ್ನೋ ಧ್ವನಿ ಕನ್ನಡವನ್ನೂ ಓದುತ್ತೆ. ಮೊದಮೊದಲು ಕಬ್ಬಿಣ ತಟ್ಟಿದ ಹಾಗೆ ಕೇಳಿಸಬಹುದು, ಅಭ್ಯಾಸವಾದ ಮಕ್ಕಳು ಅದನ್ನೇ ನಮಗೆ ಅರ್ಥವಾಗದಷ್ಟು ವೇಗಕ್ಕೆ ಇಟ್ಟುಕೊಂಡು ಓದುತ್ತಾರೆ.

ಈಗ ನಿಮ್ಮದೇ ಹಳೇ ನೋಟ್ಸ್ ಒಂದನ್ನ ತೆರೆದು, ಕಣ್ಣು ಮುಚ್ಚಿ, ಒಂದು ಪುಟ ಕೇಳಿ. ನಿಜವಾಗಿಯೂ ಮಾಡಿ. ಮುಂದಿನದೆಲ್ಲ ಆಗಲೇ ಅರ್ಥವಾಗೋದು.

ನುಡಿಯಲ್ಲಿ ಟೈಪ್ ಮಾಡಿದ್ದು ಯಾಕೆ ಓದಲ್ಲ

ನಮ್ಮ ಹಳೇ ಕನ್ನಡ ಫಾಂಟುಗಳು, ಅಂದರೆ ನುಡಿ, ಬರಹ, ಶ್ರೀಲಿಪಿಯ ಯೂನಿಕೋಡ್ ಅಲ್ಲದ ಫಾಂಟುಗಳು, ಒಳಗೆ ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟುಕೊಂಡಿರುತ್ತವೆ. ಮೇಲೆ ಮಾತ್ರ ಕನ್ನಡದ ಆಕಾರ ತೊಡಿಸಿರುತ್ತಾರೆ. ಕಣ್ಣು ಆಕಾರ ನೋಡುತ್ತೆ, ಸ್ಕ್ರೀನ್ ರೀಡರ್ ಒಳಗಿರೋದನ್ನ ಓದುತ್ತೆ. ಯೂನಿಕೋಡಿನಲ್ಲಿ ಹಾಗಲ್ಲ, ಅಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ, 'ಕ' ಅಂದರೆ ಎಲ್ಲೇ ತೆರೆದರೂ 'ಕ'ನೇ.

ನಿಮ್ಮ ಫೈಲ್ ಯಾವುದು ಅಂತ ತಿಳಿಯೋಕೆ ಒಂದೇ ನಿಮಿಷ ಸಾಕು. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್ ಮೆಸೇಜಿನಲ್ಲೋ ನೋಟ್‌ಪ್ಯಾಡಿನಲ್ಲೋ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳು ಬಂದರೆ ಹಳೇದು.

ಹಳೇದಾದರೆ ಮತ್ತೆ ಟೈಪ್ ಮಾಡಬೇಕಾಗಿಲ್ಲ. ಕನ್ವರ್ಟರ್‌ಗಳಿವೆ, ಬರಹ ತಂತ್ರಾಂಶದ ಜೊತೆಗೂ ಬರುತ್ತೆ, ಆನ್‌ಲೈನಿನಲ್ಲೂ ಸಿಗುತ್ತೆ. ಆದರೆ ಬದಲಾಯಿಸಿದ ತಕ್ಷಣ ಕಳಿಸಬೇಡಿ, ಒಂದು ಸಲ ಓದಿ. ಎರಡು ಕಡೆ ಎಡವುತ್ತೆ. ಒಂದು, ಅರ್ಕಾವೊತ್ತು ಇರೋ ಪದಗಳು: ವರ್ಷ, ಅರ್ಥ, ಕರ್ನಾಟಕ. ಹಳೇ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಕೂತಿರುತ್ತೆ, ಯೂನಿಕೋಡಿನಲ್ಲಿ ರಕಾರ ಮುಂಚೆ ಬರಬೇಕು, ಈ ಜಾಗ ಬದಲಾಯಿಸುವಾಗ ಕೆಲವೊಮ್ಮೆ ತಪ್ಪುತ್ತೆ. ಇನ್ನೊಂದು, ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡ ಅಂತ ತಿಳಿದು ಏನೋ ಮಾಡಿಬಿಡುತ್ತೆ.

ಇನ್ನು ಮುಂದೆ ಟೈಪ್ ಮಾಡುವಾಗ ನುಡಿಯಲ್ಲೇ ಯೂನಿಕೋಡ್ ಆರಿಸಿಕೊಳ್ಳಿ. ಕೀಬೋರ್ಡ್ ಹಳೇದೇ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ, ಬೆರಳಿಗೆ ಹೊಸದೇನೂ ಕಲಿಸಬೇಕಾಗಿಲ್ಲ. ಟೈಪಿಂಗ್ ಬರದವರು ಫೋನಿನಲ್ಲಿ ಜಿಬೋರ್ಡ್ ಅನ್ನೋ ಗೂಗಲ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, ಅದೇ ಟೈಪ್ ಮಾಡಿಕೊಳ್ಳುತ್ತೆ, ಅದೂ ಯೂನಿಕೋಡಿನಲ್ಲೇ.

ಪಿಡಿಎಫ್ ಬೇಡ. ಯೂನಿಕೋಡಿನಲ್ಲಿ ಮಾಡಿದ ಕನ್ನಡ ಪಿಡಿಎಫ್ ಕೂಡ ಎಷ್ಟೋ ಸಲ ಓದಿಸುವಾಗ ಒತ್ತಕ್ಷರ, ದೀರ್ಘ ಎಲ್ಲ ಹಿಂದುಮುಂದಾಗಿ ಕೇಳಿಸುತ್ತೆ. ವರ್ಡ್ ಫೈಲ್ ಕಳಿಸಿ. ಚಿಕ್ಕದಾದರೆ ವಾಟ್ಸಾಪಿನಲ್ಲಿ ಮೆಸೇಜಾಗಿಯೇ ಹಾಕಿ, ಅದಕ್ಕಿಂತ ಸುಲಭ ಬೇರೆ ಇಲ್ಲ.

ಪುಸ್ತಕದ ಪುಟ ಬೇಕಾದರೆ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿ ಅದನ್ನ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಮೇಲೆ ಫೋಟೋ, ಕೆಳಗೆ ಅದರಲ್ಲಿದ್ದ ಅಕ್ಷರಗಳು ಬರುತ್ತವೆ. ಅಚ್ಚಾದ ಕನ್ನಡವನ್ನ ಚೆನ್ನಾಗಿ ಹಿಡಿಯುತ್ತೆ. ಕೈಬರಹವನ್ನ ನಂಬಬೇಡಿ. ಪುಟವನ್ನ ನೆರಳು ಬೀಳದ ಹಾಗೆ, ನೇರವಾಗಿ ಹಿಡಿದು ತೆಗೆದರೆ ತಿದ್ದೋ ಕೆಲಸ ಕಡಿಮೆ. ಹೀಗೆ ಮಾಡೋದು ಕಾಪಿರೈಟ್ ಉಲ್ಲಂಘನೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. 2012ರ ತಿದ್ದುಪಡಿಯಲ್ಲಿ, ಓದಲಾಗದ ಅಂಗವಿಕಲರಿಗೋಸ್ಕರ ಲಾಭವಿಲ್ಲದೆ ಪುಸ್ತಕವನ್ನ ಬೇರೆ ರೂಪಕ್ಕೆ ತರಲು ನಮ್ಮ ಕಾಯ್ದೆಯೇ ಅವಕಾಶ ಕೊಟ್ಟಿದೆ. ಇದೇ ವಿಷಯದ ಮರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದನೆ ಕೊಟ್ಟ ದೇಶ ನಮ್ಮದು.

ಹೆಡಿಂಗ್ ಅಂದರೆ ದಪ್ಪ ಅಕ್ಷರ ಅಲ್ಲ

ನಾವು ಪುಟ ತಿರುವಿ, ದಪ್ಪಕ್ಷರ ಹುಡುಕಿ, ಬೇಕಾದ ಕಡೆ ನಿಲ್ಲುತ್ತೇವೆ. ಕೇಳಿ ಓದುವ ಮಗು ಹಾಗೆ ನಿಲ್ಲಬೇಕಂದರೆ ಆ ಸಾಲು ನಿಜವಾದ ಹೆಡಿಂಗ್ ಆಗಿರಬೇಕು. ವರ್ಡ್‌ನಲ್ಲಿ ಸಾಲನ್ನ ಆರಿಸಿ, ಮೇಲಿರುವ ಸ್ಟೈಲ್ಸ್‌ನಲ್ಲಿ ಹೆಡಿಂಗ್ 1, ಒಳಗಿನವಕ್ಕೆ ಹೆಡಿಂಗ್ 2 ಒತ್ತಿ. ಎನ್‌ವಿಡಿಎಯ ಬ್ರೌಸ್ ಮೋಡಿನಲ್ಲಿ, ಅಂದರೆ ಟೈಪ್ ಮಾಡದೆ ಬರೀ ಓದೋಕಿರುವ ಮೋಡಿನಲ್ಲಿ, ಎಚ್ ಒತ್ತಿದರೆ ಒಂದು ಹೆಡಿಂಗಿನಿಂದ ಇನ್ನೊಂದಕ್ಕೆ ಹಾರುತ್ತೆ. ಇಲ್ಲದಿದ್ದರೆ ಪರೀಕ್ಷೆಯ ಹಿಂದಿನ ದಿನ ಐದನೇ ಪ್ರಶ್ನೆಯ ಉತ್ತರಕ್ಕೋಸ್ಕರ ಮಗು ಮೊದಲಿಂದ ಎಲ್ಲವನ್ನೂ ಕೇಳುತ್ತಾ ಕೂರಬೇಕು.

ಜಾಗ ಬಿಡೋಕೆ ಸುಮ್ನೆ ಹತ್ತು ಸಲ ಎಂಟರ್ ಒತ್ತಬೇಡಿ. ಟೇಬಲ್ ಬೇಕೇ ಬೇಕಂದರೆ ಸರಳವಾಗಿರಲಿ, ಮನೆಗಳನ್ನ ಒಂದಕ್ಕೊಂದು ಸೇರಿಸಬೇಡಿ.

ನಕ್ಷೆ, ಚಿತ್ರ

ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆಲ್ಟ್ ಟೆಕ್ಸ್ಟ್ ಅಂತ ಬರುತ್ತೆ. ಅಲ್ಲಿ ಬರೆದದ್ದನ್ನ ಸ್ಕ್ರೀನ್ ರೀಡರ್ ಓದುತ್ತೆ. 'ಕಾವೇರಿ ನದಿಯ ನಕ್ಷೆ' ಅಂತ ಬರೆದರೆ ಮಗುವಿಗೆ ಏನೂ ಸಿಗಲಿಲ್ಲ. ಆ ನಕ್ಷೆಯಿಂದ ಉಳಿದ ಮಕ್ಕಳು ಏನು ಕಲಿಯುತ್ತಾರೋ ಅದನ್ನ ಬರೆಯಿರಿ: 'ಕಾವೇರಿ ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ, ಮೈಸೂರು ಸೀಮೆ ದಾಟಿ, ತಮಿಳುನಾಡಿನ ಮೂಲಕ ಬಂಗಾಳ ಕೊಲ್ಲಿ ಸೇರುತ್ತದೆ. ಎಡಗಡೆಯಿಂದ ಹಾರಂಗಿ, ಹೇಮಾವತಿ, ಶಿಂಷಾ, ಅರ್ಕಾವತಿ, ಬಲಗಡೆಯಿಂದ ಲಕ್ಷ್ಮಣತೀರ್ಥ, ಕಬಿನಿ ಸೇರುತ್ತವೆ.'

ಆದರೆ ನಕ್ಷೆಯನ್ನ ಮುಟ್ಟಿ ತಿಳಿಯೋದೇ ಬೇರೆ. ನಾವು ರಟ್ಟಿನ ಮೇಲೆ ಮಾಡಿದೆವು. ಕಾವೇರಿಗೆ ದಪ್ಪ ಉಲ್ಲನ್ ದಾರ, ಉಪನದಿಗಳಿಗೆ ಹೊಲಿಗೆ ದಾರ, ಘಟ್ಟಕ್ಕೆ ಕಡಲೆಕಾಳು, ಸಮುದ್ರಕ್ಕೆ ಮರಳು, ಅಣೆಕಟ್ಟಿದ್ದ ಕಡೆ ಒಂದು ಹುಣಸೆಬೀಜ, ಎಲ್ಲಕ್ಕೂ ಫೆವಿಕಾಲ್. ಕ್ಲಾಸಿನ ಮಕ್ಕಳೇ ಕೂತು ಅಂಟಿಸಿದರು. ಅವಳು ಬೆರಳನ್ನ ದಪ್ಪ ದಾರದ ಮೇಲೆ ನಿಧಾನಕ್ಕೆ ತಂದು, ಹೇಮಾವತಿ ಸೇರುವ ಕಡೆ ನಿಲ್ಲಿಸಿ, ಸ್ವಲ್ಪ ಮುಂದೆ ಹೋಗಿ ಹುಣಸೆಬೀಜ ಸಿಕ್ಕಿದಾಗ "ಕನ್ನಂಬಾಡಿ ಕಟ್ಟೆ ಇಲ್ಲೇನಾ ಮಿಸ್?" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ.

ಒಂದು ಎಚ್ಚರಿಕೆ, ಒಂದೇ ರಟ್ಟಿನಲ್ಲಿ ಎಲ್ಲ ತುಂಬಬೇಡಿ. ಕಣ್ಣಿಗೆ ಚೆಂದ ಕಾಣೋ ಗಿಜಿಗಿಜಿ ನಕ್ಷೆ ಬೆರಳಿಗೆ ಬರೀ ಗೊಂದಲ.

ಕ್ಲಾಸಿನೊಳಗೆ

ಬೋರ್ಡಿನ ಮೇಲೆ ಬರೆಯುವುದನ್ನ ಬಾಯಲ್ಲೂ ಹೇಳಿ. "ಇದನ್ನ ಇದಕ್ಕೆ ಕೂಡಿಸಿದರೆ ಇದು ಬರುತ್ತೆ" ಅನ್ನಬೇಡಿ, "12ಕ್ಕೆ 7 ಕೂಡಿಸಿದರೆ 19" ಅನ್ನಿ. ಬೀಜಗಣಿತದಲ್ಲಿ ಇನ್ನೂ ಹುಷಾರು ಬೇಕು. 'ಎಕ್ಸ್ ಪ್ಲಸ್ ಎರಡರ ವರ್ಗ' ಅಂದರೆ ವರ್ಗ ಎರಡಕ್ಕೋ ಇಡೀ ಮೊತ್ತಕ್ಕೋ? ಬ್ರಾಕೆಟ್ ಎಲ್ಲಿ ಶುರು, ಎಲ್ಲಿ ಮುಗೀತು, ಅದನ್ನೂ ಹೇಳಿ. ಲೆಕ್ಕ ಮಾಡೋಕೆ ಟೇಲರ್ ಫ್ರೇಮ್ (ಗೂಟಗಳನ್ನ ಸಿಕ್ಕಿಸಿ, ಮುಟ್ಟಿ ಲೆಕ್ಕ ಮಾಡೋ ಹಲಗೆ), ಅಬಾಕಸ್ ಇವೆ, ಫೋನ್ ಬಂತು ಅಂತ ಅವನ್ನ ಬೀರುವಿಗೆ ಸೇರಿಸಬೇಡಿ.

ಬ್ರೈಲನ್ನಂತೂ ಬಿಡಲೇಬೇಡಿ. ಬರೀ ಕೇಳಿ ಕಲಿತ ಮಗುವಿಗೆ 'ವಿಶೇಷ'ದಲ್ಲಿ ಯಾವ ಶ, ಯಾವ ಷ ಅಂತ ಹೇಗೆ ಗೊತ್ತಾಗಬೇಕು? ಅಲ್ಪಪ್ರಾಣ, ಮಹಾಪ್ರಾಣ ಕೂಡ ಫೋನಿನ ಧ್ವನಿಯಲ್ಲಿ ಎಷ್ಟೋ ಸಲ ಒಂದೇ ಥರ ಕೇಳುತ್ತೆ. ಕನ್ನಡಕ್ಕೆ ಭಾರತಿ ಬ್ರೈಲ್ ಇದೆ, ಆರು ಚುಕ್ಕಿಯದ್ದು, ಅದರಲ್ಲಿ ಒತ್ತಕ್ಷರ ಕೆಳಗೆ ನೇತಾಡುವುದಿಲ್ಲ, ಸಾಲಿನಲ್ಲೇ ಬರುತ್ತೆ. ಕೇಳೋದು ವೇಗಕ್ಕೆ, ಬ್ರೈಲ್ ಕಾಗುಣಿತಕ್ಕೆ, ಎರಡೂ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಸ್ವಲ್ಪ ದೃಷ್ಟಿ ಇರುವ ಮಕ್ಕಳಿಗೆ ಇದೆಲ್ಲ ಬೇಡದಿರಬಹುದು. ಅಕ್ಷರ ದೊಡ್ಡದಿರಲಿ, ಮಗುವನ್ನ ಕಿಟಕಿ ಬೆಳಕು ಕಣ್ಣಿಗೆ ಹೊಡೆಯದ ಕಡೆ ಕೂರಿಸಿ, ಬೋರ್ಡಿನ ಫೋಟೋ ತೆಗೆದು ಹಿಗ್ಗಿಸಿ ನೋಡೋಕೆ ಬಿಡಿ. ಯಾವ ಅಳತೆ ಸಾಕು ಅಂತ ಮಗುವನ್ನೇ ಕೇಳಿ.

ಯಾರನ್ನ ಕೇಳಬೇಕು

ಇದು ಯಾರದ್ದೋ ದಯೆಯ ವಿಷಯವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನ ಗುರುತಿಸಿದೆ. ಶೇ. 40 ಮತ್ತು ಅದಕ್ಕಿಂತ ಹೆಚ್ಚು ಅಂಗವಿಕಲತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಪುಸ್ತಕ, ಕಲಿಕಾ ಸಾಮಗ್ರಿ, ಬೇಕಾದ ಸಾಧನ ಎಲ್ಲ ಅದರಲ್ಲಿದೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇಲ್ಲದಿದ್ದರೆ ಮೊದಲು ಅದನ್ನ ಮಾಡಿಸೋಕೆ ಅಪ್ಪ ಅಮ್ಮನಿಗೆ ಹೇಳಿ. ನಿಮ್ಮ ಬ್ಲಾಕಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರು ಯಾರು ಅಂತ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಚಾರಿಸಿ, ಅವರ ನಂಬರ್ ಇಟ್ಟುಕೊಳ್ಳಿ. ಪುಸ್ತಕಗಳಿಗೆ ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಲೈಬ್ರರಿ 2016ರಿಂದ ಇದೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಆಡಿಯೋ ಮತ್ತು ಬ್ರೈಲ್ ಪುಸ್ತಕ ಮಾಡಿಕೊಡುತ್ತವೆ.

ಪರೀಕ್ಷೆಗೆ, ಮಗು ಹೇಳಿದ ಉತ್ತರವನ್ನ ಬರೆಯೋ ಬರಹಗಾರರು ಬೇಕಾದರೆ ಮುಖ್ಯ ಶಿಕ್ಷಕರ ಮೂಲಕ ಬೇಗ ಅರ್ಜಿ ಹಾಕಿಸಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪರೀಕ್ಷೆಯ ಪ್ರತಿ ಗಂಟೆಗೆ ಕಡಿಮೆಯೆಂದರೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅನ್ನುತ್ತೆ. ಬರಹಗಾರರ ಜೊತೆ ಮಗು ಮನೆಯಲ್ಲಿ ನಾಲ್ಕೈದು ಸಲ ಕೂತು ಅಭ್ಯಾಸ ಮಾಡಿರಲಿ. ಉತ್ತರ ಹೇಳಿ ಬರೆಸೋದು ಬೇರೆಯದೇ ಕೆಲಸ, ಎಲ್ಲಿ ಪ್ಯಾರಾ ಬದಲಿಸಬೇಕು, ಯಾವುದಕ್ಕೆ ಗೆರೆ ಎಳೆಯಬೇಕು ಅಂತೆಲ್ಲ ಹೇಳೋಕೆ ಬರಬೇಕು.

ಕೊನೆಗೆ, ನೋಟ್ಸನ್ನ ಪಾಠದ ಹಿಂದಿನ ಸಂಜೆಯೇ ಕಳಿಸಿ, ಆಮೇಲೆ ಅಲ್ಲ. ಉಳಿದವರು ಬೋರ್ಡ್ ನೋಡಿಕೊಂಡು ಪಾಠ ಕೇಳುವಾಗ ಇವಳು ಇಯರ್‌ಫೋನ್ ಹಾಕಿಕೊಂಡು ಎರಡನ್ನೂ ಒಟ್ಟಿಗೆ ಕೇಳೋಕಾಗಲ್ಲ. ಫೈಲಿಗೆ 'ಡಾಕ್ಯುಮೆಂಟ್ 4' ಅಂತ ಬಿಡದೆ 'ಸಮಾಜ, ಪಾಠ 6, ನದಿಗಳು' ಅಂತ ಹೆಸರಿಡಿ, ಫೋನ್ ಮೊದಲು ಓದೋದೇ ಆ ಹೆಸರನ್ನ.